ಚೊಗರಿನ ಗೆರೆ

ಅಕ್ಕೋರು ತೀರಿಕೊಂಡ ಸುದ್ದಿ ನಮ್ಮ ಬಣ್ಣದ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ನಾನಾಗ ಹೊಸನಗರದ ಕೋರ್ಟಿನಲ್ಲಿ ಬೇಲಿ ತಕರಾರಿನ ಸಾಕ್ಷಿಯೊಬ್ಬನ ಹೇಳಿಕೆ ಟೈಪು ಮಾಡುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಫೋನು ತೆಗೆದರೆ ಅಷ್ಟರಲ್ಲಾಗಲೇ ಎಲ್ಲರೂ ಕೈಮುಗಿದ ಚಿತ್ರ ಹಾಕಿಯಾಗಿತ್ತು. ಒಬ್ಬರು ಅಕ್ಕೋರ ಫೋಟೋಕ್ಕೆ ಹೂವಿನ ಚೌಕಟ್ಟು ಕೂಡ ಕಟ್ಟಿದ್ದರು. ನಾನು ಏನೂ ಹಾಕಲಿಲ್ಲ. ಫೋನನ್ನು ಮಗುಚಿಟ್ಟು ಡಬ್ಬಿ ಬಿಚ್ಚಿ ಅವಲಕ್ಕಿ ತಿಂದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ನನಗೆ ಅವರು ಬದುಕಿದ್ದಾಗ ಇದ್ದ ಸಿಟ್ಟೇ ಇನ್ನೂ ಮುಗಿದಿಲ್ಲ, ಏನು ಮಾಡಲಿ.

ಅಕ್ಕೋರು ನನ್ನ ಒಡಹುಟ್ಟಿದ ಅಕ್ಕನೇನಲ್ಲ. ಶಾಲೆಯಲ್ಲಿ ಕಲಿಸುವ ಹೆಂಗಸರನ್ನೆಲ್ಲ ನಮ್ಮ ಕಡೆ ಹಾಗೆ ಕರೆಯುವುದು ರೂಢಿ. ಇವರು ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಸಾಗರದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮಂಥ ದೊಡ್ಡವರನ್ನು ಕೂರಿಸಿಕೊಂಡು ನೀರುಬಣ್ಣದಲ್ಲಿ ದಿನಚರಿ ಬರೆಸುತ್ತಿದ್ದರು. ಕಲಿಸುವುದು ಎಂದರೆ ಅವರಿಗೆ ಆಗುತ್ತಿರಲಿಲ್ಲ. “ಕಲ್ಸೋದೆಲ್ಲ ಅಲ್ಲೇ ಮುಗ್ಸಿ ಬಂದೀನಿ. ಇಲ್ಲಿ ಸುಮ್ನೆ ಕೂತ್ಕಳೋದು, ಅಷ್ಟೇ ಕೆಲ್ಸ” ಎನ್ನುತ್ತಿದ್ದರು. ಕುಳ್ಳಗಿದ್ದರು. ಸೆರಗು ಸದಾ ಸೊಂಟಕ್ಕೆ ಸಿಕ್ಕಿಸಿರುತ್ತಿತ್ತು, ಕನ್ನಡಕದ ಒಂದು ಕಡ್ಡಿ ಮುರಿದು ಅಲ್ಲಿ ಕಪ್ಪು ದಾರ ಕಟ್ಟಿದ್ದರು. ಎದುರಿಗೆ ಯಾವಾಗಲೂ ಎರಡು ಸ್ಟೀಲ್ ಲೋಟ, ಒಂದು ಬ್ರಶ್ ತೊಳೆಯುವ ನೀರಿಗೆ, ಇನ್ನೊಂದು ಚಹಾಕ್ಕೆ. ಮಾತಿನ ಭರದಲ್ಲಿ ಬ್ರಶ್ಶನ್ನು ಚಹಾದಲ್ಲಿ ಅದ್ದುವುದು ವಾರಕ್ಕೊಮ್ಮೆಯಾದರೂ ಆಗುತ್ತಿತ್ತು. ಯಾರಾದರೂ ನಕ್ಕರೆ, “ಎಂತ ನಗ್ತೀರಿ, ಚಹಾನೂ ಒಳ್ಳೇ ಬಣ್ಣವೇ” ಎಂದು ಅದನ್ನೇ ಕಾಗದಕ್ಕೆ ಒರೆಸಿ, ಉಳಿದ ಚಹಾವನ್ನು ಕುಡಿದುಬಿಡುತ್ತಿದ್ದರು.

ನಾನು ಅಲ್ಲಿಗೆ ಹೋಗಿ ಸೇರಿದ್ದು ಡಾಕ್ಟರ ದೆಸೆಯಿಂದ. ಬಿ.ಪಿ. ಏರಿತ್ತು. ಮಾತ್ರೆ ಬರೆದುಕೊಟ್ಟ ಡಾಕ್ಟರು, “ಮನಸ್ಸಿಗೆ ಹಗುರಾಗೋ ಥರದ್ದು ಏನಾದ್ರೂ ಹಿಡ್ಕೊಳಿ” ಎಂದರು. ಕೋರ್ಟಿನ ಬೆರಳಚ್ಚುಗಾರ್ತಿಗೆ ಹಗುರಾದದ್ದು ಏನು ಸಿಕ್ಕೀತು? ಇಪ್ಪತ್ತೆಂಟು ವರ್ಷ ನಾನು ಇನ್ನೊಬ್ಬರು ಹೇಳಿದ್ದನ್ನು ಬರೆದವಳು. ಬರೆದ ಪ್ರತಿ ಹಾಳೆಯೂ ಸಾಹೇಬರ ಮೇಜಿಗೆ ಹೋಗಿ ಕೆಂಪು ಶಾಯಿ ಮೆತ್ತಿಸಿಕೊಂಡು ಹಿಂದಕ್ಕೆ ಬರುತ್ತಿತ್ತು. ಸಾಹೇಬರು ಬದಲಾದರು, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಕೆಂಪು ಶಾಯಿ ಮಾತ್ರ ಇದ್ದಲ್ಲೇ ಇತ್ತು. ಪರಿಚಯದವರೊಬ್ಬರು ಸಾಗರದಲ್ಲಿ ಹೀಗೊಂದು ಕ್ಲಾಸು ಶುರುವಾಗುತ್ತಿದೆ ಎಂದಾಗ, ನೋಡೋಣ ಎಂದು ಒಂದು ಭಾನುವಾರ ಮೊದಲ ಬಸ್ಸು ಹತ್ತಿದೆ.

ಕೋಣೆಯ ಬಾಗಿಲಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. “ಚಪ್ಪಲಿ ಹೊರಗೆ, ರಬ್ಬರು ಡಬ್ಬಿಗೆ” ಎಂದರು ಅಕ್ಕೋರು. ನಾನು ಹೊಸದಾಗಿ ಕೊಂಡಿದ್ದ ಅಳಿಸುವ ರಬ್ಬರನ್ನು ಅದಕ್ಕೆ ಹಾಕಿದೆ. ಅದು ಮತ್ತೆ ನನ್ನ ಕೈಗೆ ಬರಲೇ ಇಲ್ಲ. ಕ್ರಮ ಬಹಳ ಸುಲಭದ್ದು. ಪುಟದ ಮೂಲೆಯಲ್ಲಿ ತಾರೀಖು, ಪಕ್ಕದಲ್ಲಿ ಬಿಸಿಲೋ ಮೋಡವೋ ಒಂದು ಶಬ್ದ. ಎದುರಿಗಿರುವ ಯಾವುದಾದರೂ ಒಂದು ವಸ್ತುವನ್ನು ಎರಡು ನಿಮಿಷ ಸುಮ್ಮನೆ ನೋಡುವುದು. ಕೆಂಪು, ಹಳದಿ, ನೀಲಿ ಮೂರೇ ಬಣ್ಣದ ಬಿಲ್ಲೆ. ಇಪ್ಪತ್ತು ನಿಮಿಷದಲ್ಲಿ ಚಿತ್ರ ಮುಗಿಸಿ ಕೆಳಗೆ ಎರಡು ವಾಕ್ಯ ಬರೆಯುವುದು. ಆ ವಾಕ್ಯದಲ್ಲಿ ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮಾತು ಬರಕೂಡದು. ಒಬ್ಬರ ಪುಸ್ತಕ ಒಬ್ಬರು ನೋಡಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ತಿದ್ದಕೂಡದು. “ತಿದ್ದೋದು ಪರೀಕ್ಷೆ ಪೇಪರಿಗೆ. ಇದು ನಿಮ್ಮ ದಿನ. ಆದ ದಿನಾನ ಯಾರಾದ್ರೂ ತಿದ್ತಾರಾ?”

ಮೊದಲ ದಿನ ನಾನು ಬರೆದದ್ದು ಅವರ ಚಹಾದ ಲೋಟ. ಅದು ಸೋರೆಕಾಯಿಯ ಹಾಗಾಯಿತು. ಅಕ್ಕೋರು ಹಿಂದೆ ಬಂದು ನಿಂತಾಗ ಶಾಲೆಯ ಹುಡುಗಿಯ ಹಾಗೆ ನನ್ನ ಕಿವಿ ಬಿಸಿಯಾಯಿತು. ಅವರು, “ಲೋಟಕ್ಕೆ ಹೊಟ್ಟೆ ಬಂದದೆ. ಅದನ್ನೇ ಬರಿ” ಎಂದು ಮುಂದೆ ಹೋದರು. ನನ್ನ ಪುಟ ನೋಡಿ ಅವರು ಮಾತಾಡಿದ್ದು ಅದೊಂದೇ ಸಲ. ನಾನು ಕೆಳಗೆ ಬರೆದೆ: ‘ಲೋಟಕ್ಕೆ ಹೊಟ್ಟೆ ಬಂದಿದೆ. ನನಗೆ ನಗು ಬಂತು.’ ಯಾರೂ ಕೆಂಪು ಶಾಯಿ ತರಲಿಲ್ಲ. ವಾಪಸು ಬಸ್ಸಿನಲ್ಲಿ ಆ ಎರಡು ವಾಕ್ಯವನ್ನು ಎಷ್ಟು ಸಲ ಓದಿಕೊಂಡೆನೋ, ಹೊಸನಗರ ಬಂದದ್ದೇ ತಿಳಿಯಲಿಲ್ಲ. ಐವತ್ತರ ಹೆಂಗಸಿಗೆ ಇಷ್ಟಕ್ಕೆಲ್ಲ ಸಂತೋಷವಾಗುತ್ತದೆಯೇ ಎಂದು ಕೇಳಬೇಡಿ, ಆಯಿತು.

ಗಿರಣಿ ಓಡತೊಡಗಿದರೆ ನಮ್ಮ ಕೋಣೆಯ ಹಲಗೆ ನೆಲ ಗಡಗಡ ನಡುಗುತ್ತಿತ್ತು. ಲೋಟದ ನೀರಿನಲ್ಲಿ ಸಣ್ಣ ಬಳೆಗಳು ಏಳುತ್ತಿದ್ದವು. ಬೇರೆ ಕಡೆ ಕೋಣೆ ಮಾಡಬಾರದೇ ಎಂದರೆ ಅಕ್ಕೋರು ಒಪ್ಪುತ್ತಿರಲಿಲ್ಲ. “ನೆಲವೇ ನಡುಗ್ತಾ ಇದ್ರೆ ಗೆರೆ ಸೊಟ್ಟ ಆಯ್ತು ಅಂತ ಯಾರೂ ಬೇಜಾರ ಮಾಡ್ಕಳಲ್ಲ” ಎನ್ನುವುದು ಅವರ ವಾದ. ನಮ್ಮ ಜೊತೆ ನಿವೃತ್ತ ಫಾರೆಸ್ಟರ್ ಒಬ್ಬರಿದ್ದರು, ತಾಳಗುಪ್ಪದ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದರು. ಅವರು ಲೋಟ ಬರೆಯಿರಿ ಎಂದರೂ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಬರೆಯುವವರು, ಬಾಳೆಹಣ್ಣು ಬರೆಯಿರಿ ಎಂದರೂ ಹಿನ್ನೀರೇ. ನೀಲಿ ಬಿಲ್ಲೆ ಅವರಿಗೆ ತಿಂಗಳಿಗೊಂದು ಬೇಕು. ಒಮ್ಮೆ ನಾನು ತಡೆಯಲಾರದೆ, “ಬರೀ ನೀರೇ ಎಂಥಕ್ಕೆ ಬರೀತೀರಿ?” ಎಂದು ಕೇಳಿದೆ. “ಅದರಡಿಗೆ ನಮ್ಮಜ್ಜನ ಊರು ಐತಲ್ಲ. ಕಾಣಲ್ಲ. ಕಾಣದಿದ್ರೆ ಹೆಂಗೆ ಬರೀಲಿ? ಅದಕ್ಕೆ ಮೇಲಿನದ್ದು ಬರೀತೀನಿ” ಎಂದರು.

ಅಕ್ಕೋರ ಹತ್ತಿರ ನಮಗೆ ಕೊಡದ ಒಂದು ನಾಲ್ಕನೆಯ ಬಣ್ಣ ಇತ್ತು. ಕೆಮ್ಮಿನ ಔಷಧಿಯ ಹಳೆಯ ಸೀಸೆಯಲ್ಲಿ ತುಂಬಿಟ್ಟ ಚೊಗರು. ಅಡಿಕೆ ಬೇಯಿಸಿದ ನೀರು ಗಟ್ಟಿಯಾದರೆ ಉಳಿಯುವ ಕೆಂಗಂದು ರಸ ಅದು. ಅಡಿಕೆಗೆ ಬಣ್ಣ ಕೊಡಲು ಬಳಸುವುದನ್ನು ಇವರು ಕಾಗದಕ್ಕೆ ಬಳಸುತ್ತಿದ್ದರು. ಅದರಿಂದಾಗಿ ಅವರ ತೋರುಬೆರಳಿನ ಉಗುರಿನ ಸಂದಿ ಯಾವಾಗಲೂ ಕಂದು. ನಮಗೂ ಸ್ವಲ್ಪ ಕೊಡಿ ಎಂದರೆ, “ಇದು ಹೇಳಿದ ಮಾತು ಕೇಳೋ ಬಣ್ಣ ಅಲ್ಲ. ಹಚ್ಚೋವಾಗ ಏನೂ ಇಲ್ಲದವರ ಹಂಗೆ ಇರ್ತದೆ, ವರ್ಷ ಹೋದ ಹಾಗೆ ಕಪ್ಪು ಏರ್ತದೆ” ಎಂದು ಸೀಸೆಯ ಬಿರಡೆ ತಿರುಗಿಸಿ ಚೀಲಕ್ಕೆ ಹಾಕುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

ಜೂನ್ ಬಂದ ಕೂಡಲೇ ಒಂದು ತೊಂದರೆ ಶುರುವಾಯಿತು. ನಮ್ಮ ಸೀಮೆಯ ಮಳೆಗಾಲದಲ್ಲಿ ತೊಳೆದ ಟವೆಲ್ಲೇ ನಾಲ್ಕು ದಿನ ಒಣಗುವುದಿಲ್ಲ, ಇನ್ನು ನೀರು ಕುಡಿದ ದಪ್ಪ ಕಾಗದ ಒಣಗುತ್ತದೆಯೇ? ಒದ್ದೆ ಪುಸ್ತಕವನ್ನು ಬಸ್ಸಿನಲ್ಲಿ ಮನೆಗೆ ಒಯ್ದರೆ ಮುಂದಿನ ಭಾನುವಾರಕ್ಕೆ ಬೂಷ್ಟು ಹಿಡಿದು ಪುಟಕ್ಕೆ ಪುಟ ಅಂಟಿಕೊಂಡಿರುತ್ತಿತ್ತು. ಅಕ್ಕೋರು ಕೋಣೆಯ ಹಳೆಯ ಕಪಾಟಿನೊಳಗೆ ಒಂದು ಬಲ್ಬು ಇಳಿಬಿಟ್ಟು, ದಾರ ಕಟ್ಟಿ, ನಮ್ಮ ಪುಸ್ತಕಗಳನ್ನು ಬಟ್ಟೆ ಒಣಹಾಕಿದ ಹಾಗೆ ಬಿಡಿಸಿ ಹಾಕಿದರು. ಅಲ್ಲಿಂದ ಮುಂದೆ ಅದೇ ಕ್ರಮವಾಯಿತು. ಜೂನಿನಿಂದ ದೀಪಾವಳಿಯವರೆಗೆ ಪುಸ್ತಕಗಳು ಬಲ್ಬಿನ ಕಪಾಟಿನಲ್ಲಿ, ದೀಪಾವಳಿ ಕಳೆದ ಮೇಲೆ ನಮ್ಮ ನಮ್ಮ ಮನೆಯಲ್ಲಿ. ಕಪಾಟಿನ ಕೀಲಿ ಅಕ್ಕೋರ ಸೊಂಟದಲ್ಲಿ. ಯಾರೂ ಯಾರದ್ದೂ ನೋಡಕೂಡದು ಎಂದವರು ಅವರೇ ಆದ್ದರಿಂದ, ನಾವಿಲ್ಲದಾಗ ಅವರು ನೋಡಿಯಾರು ಎಂದು ನಮಗೆ ಹೊಳೆಯಲಿಲ್ಲ.

ಆ ಮೊದಲ ಮಳೆಗಾಲದ ಒಂದು ಭಾನುವಾರ ಅಕ್ಕೋರು, “ಇವತ್ತು ಎದುರಿಗೆ ಇರೋದು ಬೇಡ. ಮನೇಲಿ ಕೂತವರನ್ನ ಇಲ್ಲಿ ಕೂತು ಬರೀರಿ” ಎಂದರು. ನಾನು ಅವ್ವನನ್ನು ಬರೆಯಲು ಹೊರಟೆ. ಅಡುಗೆಮನೆಯ ಹೊಸ್ತಿಲ ಹತ್ತಿರ ಬೆನ್ನು ಹಾಕಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುವ ಅವ್ವ. ಅವ್ವನ ಬಗ್ಗೆ ಒಂದು ಮಾತು ಹೇಳಬೇಕು. ಅವಳು ಜೀವಮಾನದಲ್ಲಿ ನನ್ನನ್ನು ಹೊಗಳಿದವಳಲ್ಲ. ಬೇರೆಯವರ ಗದ್ದೆ ಗೇಯ್ದು, ಅದೇ ಗದ್ದೆ ಭೂಸುಧಾರಣೆಯಲ್ಲಿ ಕೈಗೆ ಬಂದ ಮೇಲೂ ಅಷ್ಟೇ ಗೇಯ್ದು ಬದುಕಿದವಳು. ಎಸ್ಸೆಸ್ಸೆಲ್ಸಿ ಪಾಸಾದೆ ಎಂದಾಗ “ಆತು, ಬಟ್ಟೆ ನೆನೆಸಿಟ್ಟೀನಿ, ಒಗಿ” ಎಂದವಳು. ಕೋರ್ಟಿನ ಕೆಲಸ ಸಿಕ್ಕಿತು ಎಂದಾಗ “ಬೆಳಿಗ್ಗೆ ಎಷ್ಟೊತ್ತಿಗೆ ಹೋಗ್ಬೇಕು?” ಎಂದು ಮಾತ್ರ ಕೇಳಿದವಳು. ನಾನು ಭಾನುವಾರ ಸಾಗರಕ್ಕೆ ಹೋಗಿ ಬಣ್ಣ ಬಳಿದು ಬರುವುದು ಅವಳಿಗೆ ಶುದ್ಧ ತಲೆಹರಟೆ. ಅದೇ ವರ್ಷದ ಬೇಸಿಗೆಯಲ್ಲಿ ಅಕ್ಕೋರು ಯಾವುದೋ ಮದುವೆಗೆ ಹೊಸನಗರಕ್ಕೆ ಬಂದವರು ನಮ್ಮ ಮನೆಗೂ ಬಂದು ಒಂದು ಗಂಟೆ ಅವ್ವನ ಜೊತೆ ಅಡುಗೆಮನೆಯಲ್ಲೇ ಕೂತಿದ್ದರು. ಅವ್ವ ಅವರನ್ನೇ ನೇರ ಕೇಳಿದ್ದಳು: “ಅಲ್ಲ ಅಕ್ಕೋರೇ, ಇವಳು ಅಲ್ಲಿ ಬಂದು ಎಂಥ ಬರೀತಾಳೆ?” ಅಕ್ಕೋರು, “ನಂಗೆ ಗೊತ್ತಿಲ್ಲ ಅಮ್ಮಾ, ನಾನು ನೋಡಲ್ಲ” ಎಂದಿದ್ದರು.

ಅವತ್ತು ಅವ್ವ ನನ್ನ ಕೈಗೆ ಬರಲಿಲ್ಲ. ಸೀರೆ ಉಟ್ಟ ಕಂಬವೊಂದು ನೆಲದ ಮೇಲೆ ಕೂತ ಹಾಗಿತ್ತು. ನನಗೆ ಅಳುವೇ ಬಂತು. ಬ್ರಶ್ ಕೆಳಗಿಟ್ಟು, “ಅಕ್ಕೋರೇ, ಇದು ನನ್ನ ಕೈಲಿ ಆಗೋದಲ್ಲ. ಮುಂದಿನ ವಾರದಿಂದ ಬರಲ್ಲ” ಎಂದೆ. ಅವರು ಪುಟ ನೋಡದೆ ನನ್ನ ಮುಖ ನೋಡಿ, “ಒಣಗ್ಲಿ ತಡಿ. ನೀರುಬಣ್ಣನ ಒಣಗೋ ತನಕ ಏನೂ ಅನ್ನಬಾರ್ದು. ಒಣಗ್ತಾ ಒಣಗ್ತಾ ಅದು ತನಗೆ ಬೇಕಾದಂಗೆ ಆಗ್ತದೆ” ಎಂದರು. ಪುಸ್ತಕ ಕಪಾಟಿಗೆ ಹೋಯಿತು.

ಮುಂದಿನ ಭಾನುವಾರ ಪುಸ್ತಕ ಇಸಿದುಕೊಳ್ಳಲಷ್ಟೇ ಹೋದೆ. ಪುಟ ತೆರೆದರೆ ಅವ್ವ ಕೂತಿದ್ದಳು. ಅದೇ ಸೀರೆ, ಅದೇ ಸೊಟ್ಟ ಹೊಸ್ತಿಲು, ಎಲ್ಲ ನಾನು ಬರೆದದ್ದೇ. ಆದರೆ ಕುತ್ತಿಗೆಯಿಂದ ಸೊಂಟದವರೆಗೆ ಒಂದು ತೆಳುವಾದ ನೆರಳು ಇಳಿದು, ಬೆನ್ನು ಬಾಗಿ, ಕಂಬದ ಜಾಗದಲ್ಲಿ ಹೆಂಗಸು ಬಂದಿದ್ದಳು. ನಾನು ಬೆರೆಸಿದ ಮೂರು ಬಣ್ಣ ಒಣಗುತ್ತ ತಾವೇ ಹಾಗೆ ಇಳಿದಿವೆ ಎಂದುಕೊಂಡೆ. ಯಾರಾದರೂ ನಂಬುವ ಮಾತೇ? ಎಷ್ಟು ಜನರ ಸುಳ್ಳು ಸಾಕ್ಷಿಯನ್ನು ನನ್ನ ಕೈಯಾರೆ ಟೈಪು ಮಾಡಿದ್ದೇನೆ, ಆದರೂ ನಂಬಿದೆ. ನಂಬುವುದು ಬೇಕಾಗಿತ್ತು. ಅಕ್ಕೋರು ದೂರದಲ್ಲಿ ಚಹಾ ಕುಡಿಯುತ್ತ, “ಒಣಗ್ತಾ?” ಎಂದಷ್ಟೇ ಕೇಳಿದರು.

ದೀಪಾವಳಿ ಕಳೆದು ಪುಸ್ತಕ ಮನೆಗೆ ಬಂದಾಗ ಆ ಪುಟವನ್ನು ಅವ್ವನಿಗೆ ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. ಒದ್ದೆ ಬೆರಳನ್ನು ಸೀರೆಗೆ ಅರೆಬರೆ ಒರೆಸಿಕೊಂಡು ಚಿತ್ರದಲ್ಲಿದ್ದ ಬೆನ್ನಿನ ಮೇಲೆ ಇಟ್ಟಳು.

“ಹೌದು. ಇದು ನಾನೇಯ” ಎಂದಳು.

ಅಷ್ಟೇ. ಮತ್ತೆ ಎದ್ದು ಹೋಗಿ ಒಲೆಯ ಮೇಲಿನ ಅನ್ನ ನೋಡಿದಳು. ಅವಳ ಬೆರಳಿನ ಒದ್ದೆ ಗುರುತು ಆ ಬೆನ್ನಿನ ಮೇಲೆ ಉಳಿಯಿತು. ನನ್ನ ಜನ್ಮಕ್ಕೆ ಸಿಕ್ಕ ಹೊಗಳಿಕೆ ಅದೊಂದೇ. ಎರಡು ವರ್ಷ ಬಿಟ್ಟು ಅವ್ವ ಹೋದಳು. ಅವಳ ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಆ ಪುಟವನ್ನು ಪುಸ್ತಕದಿಂದ ಬಿಡಿಸಿ, ಗಾಜಿನ ಕಟ್ಟು ಹಾಕಿಸಿ, ನಡುಮನೆಯ ಗೋಡೆಗೆ ತೂಗುಹಾಕಿದೆ. ಬಂದವರೆಲ್ಲ “ಅಮ್ಮನ್ನ ಎಷ್ಟು ಚೆನ್ನಾಗಿ ಬರೆದೀರಿ” ಎನ್ನುತ್ತಿದ್ದರು. ನಾನು ಬೇಡ ಎನ್ನದೆ ಆ ಮಾತನ್ನು ಪ್ರತಿ ಸಲವೂ ಕೇಳಿಸಿಕೊಂಡೆ.

ಆ ಕೆಲವು ವರ್ಷಗಳಲ್ಲಿ ನಮ್ಮ ಕ್ಲಾಸಿನಲ್ಲಿ ಎಲ್ಲರೂ ಒಪ್ಪಿಕೊಂಡಿದ್ದ ಒಂದು ಸಂಗತಿಯೆಂದರೆ, ಮಳೆಗಾಲದಲ್ಲಿ ನಮ್ಮ ಕೈ ಚೆನ್ನಾಗಿ ಓಡುತ್ತದೆ ಎಂಬುದು. ಬೇಸಿಗೆಯ ಪುಟಗಳು ಸಾಧಾರಣ, ಜುಲೈ ಆಗಸ್ಟಿನವು ಒಂದಕ್ಕಿಂತ ಒಂದು ಮೇಲು. ಇದಕ್ಕೆ ಏನೇನೋ ಕಾರಣ ಕೊಟ್ಟುಕೊಂಡಿದ್ದೆವು. ಫಾರೆಸ್ಟರು ಗಾಳಿಯ ತೇವ ಎನ್ನುತ್ತಿದ್ದರು. ನಾನು, ಮಳೆಗಾಲದಲ್ಲಿ ಮನಸ್ಸಿಗೆ ಪುರುಸೊತ್ತು ಜಾಸ್ತಿ ಎನ್ನುತ್ತಿದ್ದೆ. ಅಕ್ಕೋರು ಯಾವುದಕ್ಕೂ ಹೌದು ಎನ್ನದೆ, ಅಲ್ಲ ಎನ್ನದೆ, ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ನಮ್ಮ ಮುಖ ನೋಡಿ ಅವರಿಗೆ ಒಳಗೊಳಗೇ ಎಷ್ಟು ನಗು ಬಂದಿರಬೇಕು ಎಂದು ಈಗ ಅನಿಸುತ್ತದೆ. ಹೀಗೆ ಅನಿಸಿದಾಗೆಲ್ಲ ಮೈ ಉರಿಯುತ್ತದೆ.

ಮಂಡಿ ನೋವು ಹೆಚ್ಚಾಗಿ ಗಿರಣಿಯ ಮೆಟ್ಟಿಲು ಹತ್ತಲಾಗದೆ ಅಕ್ಕೋರು ಕ್ಲಾಸು ಮುಚ್ಚಿ ತೀರ್ಥಹಳ್ಳಿಯಲ್ಲಿ ತಂಗಿಯ ಮನೆಗೆ ಹೋದರು. ಅದಾಗಿ ಒಂದೆರಡು ವರ್ಷವಾಗಿರಬೇಕು. ಒಂದು ದಿನ ಗೋಡೆ ಗುಡಿಸುತ್ತಿದ್ದವಳಿಗೆ ಅವ್ವನ ಚಿತ್ರದಲ್ಲಿ ಏನೋ ಕಪ್ಪು ಕಂಡಿತು. ಬೂಷ್ಟು ಇರಬೇಕೆಂದು ಗಾಜು ಬಿಚ್ಚಿ ಹತ್ತಿಯಲ್ಲಿ ಒರೆಸಿದೆ. ಹೋಗಲಿಲ್ಲ. ಕಿಟಕಿಯ ಹತ್ತಿರ ಒಯ್ದು ನೋಡಿದರೆ ಕುತ್ತಿಗೆಯಿಂದ ಸೊಂಟದವರೆಗೆ ಒಂದೇ ಎಳೆತದ ಗೆರೆ, ಗಟ್ಟಿ ಕಂದು, ಕರ್ರಗಾಗುತ್ತ ಬಂದಿದೆ. ನನ್ನ ಕೈ ಅಷ್ಟು ಉದ್ದ ಗೆರೆಯನ್ನು ನಡುಗದೆ ಎಳೆದದ್ದೇ ಇಲ್ಲ. ಸೀಸೆಯ ಚೊಗರು ಆಗ ನೆನಪಿಗೆ ಬಂತು.

ಟ್ರಂಕಿನಿಂದ ನನ್ನ ಆರೂ ಪುಸ್ತಕ ತೆಗೆದು ಮಂಚದ ಮೇಲೆ ಹರಡಿದೆ. ಬೇಸಿಗೆಯ ಪುಟಗಳು ಹೇಗೆ ಬರೆದಿದ್ದೆನೋ ಹಾಗೇ ಇದ್ದವು, ಹೊಟ್ಟೆ ಬಂದ ಲೋಟ, ಮೂಗು ಮುರಿದ ಕೆಟಲಿ. ಮಳೆಗಾಲದ ಪುಟಗಳಲ್ಲಿ ಮಾತ್ರ ಅಲ್ಲಲ್ಲಿ ಕಪ್ಪು ಏರಿತ್ತು. ಕೊಡೆಯ ಮಡಿಕೆಯಲ್ಲಿ, ಬಸ್ಸಿನ ಕಿಟಕಿಯ ಅಂಚಿನಲ್ಲಿ, ಕೆಸುವಿನ ಎಲೆಯ ನರದಲ್ಲಿ. ನಾನು ಹೆಮ್ಮೆಪಟ್ಟ ಒಂದೊಂದು ಪುಟದಲ್ಲೂ ಎಲ್ಲಿ ಚೆನ್ನಾಗಿದೆ ಎಂದುಕೊಂಡಿದ್ದೆನೋ ಸರಿಯಾಗಿ ಅಲ್ಲೇ. ಕೆಂಪು ಶಾಯಿಯಾದರೂ ತಿದ್ದಿದ್ದೇನೆ ಎಂದು ಕೂಗಿ ಹೇಳುತ್ತದೆ. ಇದು ವರ್ಷಗಟ್ಟಲೆ ಅಡಗಿ ಕೂತಿತ್ತು.

ಫಾರೆಸ್ಟರಿಗೆ ಫೋನು ಮಾಡಿ, ಅಕ್ಕೋರು ತಿದ್ದಿದ್ದು ಹೇಳಿ, ನಿಮ್ಮದೂ ನೋಡಿಕೊಳ್ಳಿ ಎಂದೆ. ಅರ್ಧ ಗಂಟೆ ಬಿಟ್ಟು ಅವರೇ ಮಾಡಿದರು. “ಹೌದು ಕಣ್ರೀ, ನೀರಿನಡಿಗೆ ಏನೇನೋ ಎದ್ದೈತೆ. ಗುಡ್ಡದ ನೆರಳು ಬರೆದಿದ್ರೋ ಏನೋ. ನಂಗೆ ನಮ್ಮಜ್ಜನ ಮನೆ ಮಾಡು ಕಂಡಂಗಾತು. ಮನೇರನ್ನೆಲ್ಲ ಕರೆದು ತೋರಿಸ್ದೆ.” ಅವರ ದನಿಯಲ್ಲಿ ಸಂತೋಷವಿತ್ತು. “ನಿಮಗೆ ಸಿಟ್ಟು ಬರಲ್ವಾ?” ಎಂದು ಕೇಳಿದೆ. “ಎಂಥಕ್ಕೆ ಸಿಟ್ಟು? ಚೆನ್ನಾಗಾತಲ್ಲ” ಎಂದರು. ಅವರ ಪುಟದಲ್ಲಿ ಇಲ್ಲದ್ದು ಬಂದಿತ್ತು. ನನ್ನ ಪುಟದಿಂದ ನಾನೇ ಹೋಗಿದ್ದೆ.

ಆ ಭಾನುವಾರವೇ ಚಿತ್ರವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಅಕ್ಕೋರು ತಂಗಿಯ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದರು. ಸೊರಗಿದ್ದರು. ಕನ್ನಡಕಕ್ಕೆ ಅದೇ ಕಪ್ಪು ದಾರ.

“ಬಂದ್ಯಾ? ಬಸ್ಸಲ್ಲಿ ಸೀಟು ಸಿಕ್ತಾ?”

ನಾನು ಟವೆಲ್ ಬಿಚ್ಚಿ ಅವರ ಮಡಿಲ ಮೇಲೆ ಚಿತ್ರ ಇಟ್ಟೆ. ಅವರು ಸೊಪ್ಪಿನ ಕೈ ಒರೆಸಿಕೊಂಡು, ಮುಖದ ಹತ್ತಿರ ಹಿಡಿದು, ಉಗುರಿನಿಂದ ಆ ಗೆರೆಯನ್ನು ಮೇಲಿಂದ ಕೆಳಗೆ ಸವರಿದರು. “ಕಪ್ಪಾಗೇಬಿಡ್ತಲ್ಲೇ” ಎಂದರು. “ಮೂರು ಹನಿ ನೀರಿಗೆ ಒಂದೇ ಹನಿ ಹಾಕಿದ್ದೆ. ಅಷ್ಟು ತೆಳು ಮಾಡಿದ್ರೆ ಏರಲ್ಲ ಅಂದ್ಕಂಡಿದ್ದೆ.”

ಹನಿಯ ಲೆಕ್ಕ ಹೇಳಿದರು, ನೋಡಿ.

“ಅಕ್ಕೋರೇ, ತಿದ್ದಬಾರದು ಅಂತ ಹೇಳಿದ್ದು ಯಾರು?”

“ನಾನೇ.”

“ಮತ್ತೆ?”

ಅವರು ಚಿತ್ರವನ್ನು ಪಕ್ಕಕ್ಕಿಟ್ಟು ಮತ್ತೆ ಒಂದು ಬಸಳೆ ದಂಟು ಕೈಗೆ ತಗೊಂಡರು. “ನೀನು ಬಿಡ್ತೀನಿ ಅಂದಿದ್ಯಲ್ಲ. ಒಂದ್ಸಲ ಚೆನ್ನಾಗಿ ಬಂತು ಅಂತಾದ್ರೆ ನಿಲ್ತಾಳೆ ಅಂತ ಮಾಡ್ದೆ. ಒಂದೇ ಪುಟ ಅಂತ ಇತ್ತು ಮನ್ಸಲ್ಲಿ. ಆಮೇಲೆ ಕಪಾಟು ತೆಗೆದಾಗೆಲ್ಲ ಉಳಿದವರದ್ದೂ ಕಾಣ್ತಿತ್ತು. ಮೂವತ್ತೈದು ವರ್ಷ ತಿದ್ದಿದ ಕೈ, ಸುಮ್ನಿರು ಅಂದ್ರೆ ಕೇಳ್ಲಿಲ್ಲ.”

“ನಮಗೆ ಮಾತ್ರ ರಬ್ಬರು ಡಬ್ಬಿಗೆ ಹಾಕಿ ಅಂದ್ರಿ.”

ಅವರು ದಂಟಿನಿಂದ ಇನ್ನೊಂದು ಎಲೆ ಕಿತ್ತರು.

“ಅವ್ವ ಇದನ್ನ ನೋಡಿ, ನಾನೇ ಅಂದ್ಲು. ಬೆನ್ನಿನ ಮೇಲೆ ಬೆರಳಿಟ್ಟು ಅಂದ್ಲು. ಯಾರ ಗೆರೆ ನೋಡಿ ಅಂದಿದ್ದು ಅದು?”

ಅವರು ಬಿಡಿಸಿದ ಸೊಪ್ಪನ್ನು ಒಟ್ಟು ಮಾಡಿದರು. ಆಮೇಲೆ, “ಎಲ್ಲಾ ನಿಂದೇ ಮಾರಾಯ್ತಿ. ಒಣಗೋದಕ್ಕೆ ನಾನು ಸ್ವಲ್ಪ ಆಸರೆ ಕೊಟ್ಟೆ, ಅಷ್ಟೇಯ. ಕಾಫಿ ಕುಡೀತೀಯಾ?” ಎಂದರು.

ನಾನು ಚಿತ್ರ ಎತ್ತಿಕೊಂಡು ಎದ್ದೆ. ತಪ್ಪಾಯಿತು ಎನ್ನುತ್ತಾರೇನೋ ಎಂದು ಅಂಗಳದ ಕೊನೆಯವರೆಗೂ ಮೆಲ್ಲಗೇ ನಡೆದೆ. “ಕೊಡೆ ಮರ್ತೆ ನೋಡು” ಎಂದು ಕೂಗಿದರು. ಕೊಡೆಗಾಗಿಯೂ ನಾನು ತಿರುಗಲಿಲ್ಲ. ಆಮೇಲೆ ಎರಡು ಸಲ ಅವರ ಫೋನು ಬಂತು, ಎತ್ತಲಿಲ್ಲ. ಆಮೇಲೆ ಬಂದದ್ದು ಆ ಮಂಗಳವಾರದ ಸುದ್ದಿ.

ಸುದ್ದಿ ಬಂದು ಮೂರು ವಾರಕ್ಕೆ ಅವರ ತಂಗಿ ಫೋನು ಮಾಡಿದರು. “ಅಕ್ಕನ ಪುಸ್ತಕ ಒಂದಿತ್ತು. ನಿಮಗೇ ಕೊಡ್ಬೇಕು ಅಂತ ಹೇಳಿ ಹೋಗಿದ್ಲು. ಹತ್ತೂವರೆ ಬಸ್ಸಲ್ಲಿ ಕಳ್ಸೀನಿ, ಕಂಡಕ್ಟರ ಹತ್ರ ಇಸ್ಕಳಿ.” ಬಸ್‌ಸ್ಟ್ಯಾಂಡಿಗೆ ಹೋಗಿ ಇಸಿದುಕೊಂಡೆ. ಪುಸ್ತಕದ ಜೊತೆಗೆ ನಾನು ಬಿಟ್ಟು ಬಂದಿದ್ದ ಕೊಡೆಯನ್ನೂ ದಾರದಲ್ಲಿ ಕಟ್ಟಿದ್ದರು. ಅಕ್ಕೋರು ತಮ್ಮದೂ ಒಂದು ಪುಸ್ತಕವಿದೆ ಎಂದು ಆಗಾಗ ಹೇಳುತ್ತಿದ್ದರು, ನಾವು ಯಾರೂ ನೋಡಿರಲಿಲ್ಲ. ಅಷ್ಟು ಒಳ್ಳೆಯ ಕೈ, ಒಳಗೆ ಏನೇನು ಬರೆದಿರಬಹುದು ಎಂಬ ಕುತೂಹಲ ಸಿಟ್ಟಿನ ನಡುವೆಯೂ ಇತ್ತು. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಬಿಚ್ಚಿದೆ.

ಅವರದು ಎನ್ನುವ ಚಿತ್ರ ಅದರಲ್ಲಿ ಒಂದೂ ಇರಲಿಲ್ಲ. ಎಲ್ಲವೂ ನಮ್ಮವು. ಫಾರೆಸ್ಟರ ಹಿನ್ನೀರು, ನನ್ನ ಕೊಡೆ, ನನ್ನ ಬಸ್ಸು. ನಮ್ಮ ಪುಟವನ್ನು ಮುಟ್ಟುವ ಮೊದಲು ಇಲ್ಲಿ ಮತ್ತೆ ಮತ್ತೆ ಬರೆದು ನೋಡಿಕೊಂಡಿದ್ದರು. ಅದೂ ತಮ್ಮ ಕೈಯಲ್ಲಲ್ಲ, ನಮ್ಮ ಕೈಯಲ್ಲಿ. ನನ್ನ ಬ್ರಶ್ ಎಲ್ಲಿ ಹೆದರಿ ನಿಲ್ಲುತ್ತದೆ, ಎಲ್ಲಿ ನೀರು ಜಾಸ್ತಿಯಾಗಿ ಕೊಚ್ಚೆಯಾಗುತ್ತದೆ, ಅಷ್ಟನ್ನೂ ಅಭ್ಯಾಸ ಮಾಡಿದ್ದರು. ನಾನು ಹಿಡಿಯಬಾರದೆಂದು ನನ್ನ ಹಾಗೆ ಕೆಟ್ಟದಾಗಿ ಬರೆಯಲು ಅಷ್ಟು ಪಾಡುಪಟ್ಟಿದ್ದರು. ನಕಲಿ ಸಹಿಯ ಕೇಸುಗಳಲ್ಲಿ ಆರೋಪಿಯ ಮನೆಯಲ್ಲಿ ಸಿಕ್ಕಿದ ಅಭ್ಯಾಸದ ಹಾಳೆಗಳು ಎಂದು ನಾನು ಎಷ್ಟು ತೀರ್ಪುಗಳಲ್ಲಿ ಟೈಪು ಮಾಡಿದ್ದೇನೆ. ಕೈಯಲ್ಲಿ ಹಿಡಿದು ನೋಡಿದ್ದು ಅವತ್ತೇ.

ನಡುವೆ ಒಂದು ಕಡೆ ಅವ್ವ ಬಂದಳು. ಹನ್ನೊಂದು ಸಲ. ಮೊದಲನೆಯದರ ತಲೆಯ ಮೇಲೆ ಪೆನ್ಸಿಲಿನಲ್ಲಿ ‘ಅವಳು ಬರೆದದ್ದು’ ಎಂದಿತ್ತು. ನನ್ನ ಪುಟವನ್ನು ತಿದ್ದುವ ಮೊದಲು ಇದ್ದ ಹಾಗೇ ನಕಲು ಮಾಡಿಟ್ಟುಕೊಂಡಿದ್ದರು. ನೆಟ್ಟಗೆ, ಕಂಬದ ಹಾಗೆ. ಅಲ್ಲಿಂದ ಒಂದೊಂದಾಗಿ ಬೆನ್ನು ಬಾಗುತ್ತ ಹೋಗಿ ಹನ್ನೊಂದನೆಯದರಲ್ಲಿ ನನ್ನ ಗೋಡೆಯ ಮೇಲಿನ ಅವ್ವ ಕೂತಿದ್ದಳು. ಅದರ ಕೆಳಗೆ, ನಮಗೆ ಹೇಳಿಕೊಟ್ಟ ಕ್ರಮದಂತೆಯೇ, ಎರಡು ವಾಕ್ಯ:

‘ಬೆನ್ನು ಬಾಗಿದೆ. ಮಗಳು ನೋಡಿಲ್ಲ.’

ಬಸ್ಸುಗಳು ಬಂದವು, ಹೋದವು. ನಾನು ಕೂತೇ ಇದ್ದೆ. ಐವತ್ತು ವರ್ಷ ಒಂದೇ ಮನೆಯಲ್ಲಿ ಅವ್ವನ ಬೆನ್ನ ಹಿಂದೆ ಓಡಾಡಿದವಳು ನಾನು. ಅವಳು ಯಾವಾಗ ಬಾಗಿದಳೋ ನನಗೆ ಗೊತ್ತಿಲ್ಲ. ಒಂದು ಗಂಟೆ ಅಡುಗೆಮನೆಯಲ್ಲಿ ಕೂತು ಹೋದವರಿಗೆ ಕಂಡಿತ್ತು. ಅಕ್ಕೋರು ಮೋಸ ಮಾಡಿದರು, ಅದರಲ್ಲಿ ಈಗಲೂ ಅನುಮಾನವಿಲ್ಲ. ಆದರೆ ಮೋಸ ಮಾಡಿದವರು ಬರೆದದ್ದು ನಿಜವಾಗಿತ್ತು, ಕಣ್ಣಾರೆ ನೋಡಿದ್ದೇನೆ ಎಂದು ನಾನು ಬರೆದದ್ದು ಸುಳ್ಳಾಗಿತ್ತು. ಇದಕ್ಕಾಗಿ ಅವರನ್ನು ನಾನು ಕ್ಷಮಿಸಲಾರೆ.

ಕಳೆದ ಭಾನುವಾರ ಹೊಸ ಪುಸ್ತಕವೊಂದನ್ನು ತೆಗೆದೆ. ಮೂಲೆಯಲ್ಲಿ ತಾರೀಖು ಹಾಕಿದೆ, ಬಿಸಿಲು ಎಂದು ಬರೆದೆ. ಎರಡು ನಿಮಿಷ ಅವ್ವ ಕೂರುತ್ತಿದ್ದ ಹೊಸ್ತಿಲನ್ನು ನೋಡಿದೆ. ಬೆನ್ನು ಬಾಗಿತ್ತು, ಬೆನ್ನು ಬಾಗಿತ್ತು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಕುತ್ತಿಗೆಯಿಂದ ಸೊಂಟಕ್ಕೆ ಗೆರೆ ಎಳೆದೆ. ನೆಟ್ಟಗೆ ಬಂತು. ತಿದ್ದಲಿಲ್ಲ. ಪುಸ್ತಕವನ್ನು ಕಿಟಕಿಯಲ್ಲಿಟ್ಟು, ಒಣಗಲಿ ಎಂದು ಪಕ್ಕದಲ್ಲೇ ಕೂತು ಕಾದೆ.

ಒಣಗಿದ ಮೇಲೂ ನೆಟ್ಟಗೇ ಇತ್ತು.